ಕಬ್ಬಿಣಕ್ಕೊಂದು ಬೆಚ್ಚನೆಯ ಕೋಣೆ

2021ರ ಮಳೆಗಾಲದಲ್ಲಿ ಎಡಪ್ಪಳ್ಳಿ ಟೋಲ್ ಜಂಕ್ಷನ್ನಿನ ಹತ್ತಿರದ ಒಂದು ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ 60 ವ್ಯಾಟಿನ ಹಳೇ ಮಾದರಿಯ ಬಲ್ಬು ಕೇಳಿದೆ. ಅಂಗಡಿಯವರು ಎಲ್‌ಇಡಿ ತೆಗೆದು ಮುಂದಿಟ್ಟರು. ಅದಲ್ಲ ಚೇಟ್ಟಾ, ಒಳಗೆ ತಂತಿ ಇರುವುದು, ಮುಟ್ಟಿದರೆ ಬಿಸಿಯಾಗುವುದು ಬೇಕು ಅಂದೆ. ಬೆಳಕಿಗಲ್ಲವೇ ಎಂದು ಕೇಳಿದರು. ಬೆಳಕಿಗಲ್ಲ, ಬಿಸಿಗೆ ಎಂದಾಗ ಅವರು ನನ್ನನ್ನು ಒಮ್ಮೆ ನೋಡಿ, ಅಂಗಡಿಯ ಮುಂದೆ ಹಬೆಯಾಡುತ್ತಿದ್ದ ರಸ್ತೆಯನ್ನು ಒಮ್ಮೆ ನೋಡಿ ಸುಮ್ಮನಾದರು. ಕೊಚ್ಚಿಯಲ್ಲಿ ಫ್ಯಾನಿನ ಕೆಳಗೆ ಕೂತೇ ಅಂಗಿ ಒದ್ದೆಯಾಗುವಾಗ ಬಿಸಿಯನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರಿರುತ್ತಾರೆ?

ಆ ಬಿಸಿ ಬೇಕಾಗಿದ್ದದ್ದು ನನಗಲ್ಲ, ಮನೆಯ ಪಕ್ಕದ ಕಾರ್ ಶೆಡ್ಡಿನಲ್ಲಿ ಹತ್ತಿಯ ಹೊದಿಕೆ ಹೊದ್ದು ಮಲಗಿರುವ ನಾಲ್ಕೂವರೆ ಅಡಿಯ ಲೇತಿಗೆ. ಅದನ್ನು ಇಟ್ಟವರು ನಮ್ಮಪ್ಪ. ಆ ಶೆಡ್ಡು ಎಂದೂ ಕಾರು ಕಂಡಿಲ್ಲ. ಅಪ್ಪನ ಹತ್ತಿರ ಇದ್ದದ್ದು ಒಂದು ಚೇತಕ್ ಸ್ಕೂಟರು, ಅದು ಮಳೆಯಲ್ಲಿ ಹೊರಗೇ ನಿಲ್ಲುತ್ತಿತ್ತು.

ಮಿಷಿಗನ್ನಿನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಈ ಬಲ್ಬಿನ ಕಥೆ ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. "ಅಣ್ಣ, ಇಲ್ಲಿ ನಾವು ಗ್ಯಾರೇಜಿಗೆ ಹೀಟರ್ ಹಾಕ್ಸೋದು ಕೈ ಮರಗಟ್ಟಬಾರ್ದು ಅಂತ. ನಿಮಗ್ಯಾಕಪ್ಪ ಅದು?" ಅವನದು ಗೋಡೆಗೆಲ್ಲ ಹೊದಿಕೆ ತುಂಬಿ, ಬಾಗಿಲ ಸಂದಿಗೆ ರಬ್ಬರು ಪಟ್ಟಿ ಬಡಿದು, ಚಾವಣಿಯಿಂದ ಗ್ಯಾಸ್ ಹೀಟರ್ ತೂಗಿಬಿಟ್ಟ ದೊಡ್ಡ ಗ್ಯಾರೇಜು. ಜನವರಿಯಲ್ಲಿ ಹೊರಗೆ ಹಿಮ ಬೀಳುತ್ತಿದ್ದರೆ ಅವನು ಒಳಗೆ ಅರ್ಧ ತೋಳಿನ ಅಂಗಿಯಲ್ಲಿ ಮರ ಹೆರೆಯುತ್ತಾನೆ. ಅವನ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಲು ಹೋಗಿ ಹೇಳಲಾಗದೆ ಉಳಿದದ್ದೇ ಈ ಬರಹ. ಬೆಚ್ಚಗಿನ ವರ್ಕ್‌ಶಾಪು ಎಂಬುದರ ಚರಿತ್ರೆಯನ್ನು ಕೆದಕಿದರೆ, ಆ ಬಿಸಿ ಮನುಷ್ಯನಿಗಾಗಿ ಎಷ್ಟು ಇತ್ತೋ ಲೋಹಕ್ಕಾಗಿಯೂ ಅಷ್ಟೇ ಇತ್ತು ಎಂದು ತೋರುತ್ತದೆ.

ಗ್ಯಾರೇಜನ್ನೇ ತೆಗೆದುಕೊಳ್ಳಿ. ಈ ಫ್ರೆಂಚ್ ಪದ ಇಂಗ್ಲಿಷಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಕಾರಿನ ಜೊತೆಗೆ. ಅದಕ್ಕೂ ಮೊದಲು ಸಿರಿವಂತರು ಕಾರನ್ನು ಕುದುರೆ ಲಾಯದ ಒಂದು ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಚಳಿಯ ದೇಶಗಳಲ್ಲಿ ಅದರಿಂದ ತೊಂದರೆಯಾಯಿತು. ಅಂದಿನ ಕಾರಿನ ರೇಡಿಯೇಟರಿನಲ್ಲಿ ಇದ್ದದ್ದು ಬರೀ ನೀರು. ಹೆಪ್ಪುಗಟ್ಟುವಾಗ ನೀರು ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಒಂದು ರಾತ್ರಿ ಮರೆತರೆ ಬೆಳಿಗ್ಗೆ ರೇಡಿಯೇಟರು ಬಿರಿದಿರುತ್ತಿತ್ತು, ಕೆಲವೊಮ್ಮೆ ಎಂಜಿನ್ನಿನ ಎರಕವೇ ಸೀಳಿರುತ್ತಿತ್ತು. ಹಾಗಾಗಿ ಇಂಗ್ಲೆಂಡಿನ ಶ್ರೀಮಂತರ ಮೋಟಾರು ಮನೆಗಳಿಗೆ ಬಿಸಿನೀರಿನ ಕೊಳವೆಗಳು ಬಂದವು. ಪೆಟ್ರೋಲಿನ ಆವಿಗೆ ಹೆದರಿ ಬಾಯ್ಲರನ್ನು ಗೋಡೆಯ ಆಚೆ ಇಡುತ್ತಿದ್ದರು. ಆ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದಾಡುತ್ತದೆ. ಅಮೆರಿಕದಲ್ಲಿ ಈಗಲೂ ಗ್ಯಾರೇಜಿನ ಹೀಟರಿನ ಜ್ವಾಲೆ ನೆಲದಿಂದ 18 ಇಂಚು ಮೇಲೆ ಇರಬೇಕೆಂಬ ನಿಯಮ ಇದೆ. ನನ್ನ ತಮ್ಮನ ಹೀಟರು ಚಾವಣಿಯಿಂದ ತೂಗುವುದಕ್ಕೆ ಅದೂ ಒಂದು ಕಾರಣ. 1920ರ ದಶಕದ ಕೊನೆಯಲ್ಲಿ ಗ್ಲೈಕಾಲ್ ಬೆರೆಸಿದ ದ್ರವ ಮಾರುಕಟ್ಟೆಗೆ ಬಂದಮೇಲೆ ಕಾರಿಗೆ ಬೆಚ್ಚನೆಯ ಕೋಣೆ ಬೇಕಾಗಲಿಲ್ಲ. ಆದರೆ ಅಷ್ಟು ಹೊತ್ತಿಗೆ ಮನೆಯ ಗಂಡಸರು ಅಲ್ಲಿ ಬೆಂಚು ಹಾಕಿ, ವೈಸ್ ಬಿಗಿದು ಕೂತಾಗಿತ್ತು.

ಮನೆಯೊಳಗೇ ಬೆಂಚು ಹಾಕಿ ಕೂತವರಲ್ಲಿ ನನಗೆ ತುಂಬಾ ಇಷ್ಟವಾದವರು ಜೇಮ್ಸ್ ವ್ಯಾಟ್. ಅಂಗಡಿಯಲ್ಲಿ ನಾನು 60 ವ್ಯಾಟ್ ಎಂದು ಕೇಳಿದೆನಲ್ಲ, ಆ ಹೆಸರಿನ ಯಜಮಾನರು. ಉಗಿ ಎಂಜಿನ್ನಿನ ವ್ಯವಹಾರದಿಂದ 1800ರಲ್ಲಿ ನಿವೃತ್ತರಾದ ಮೇಲೆ ಅವರು ಬರ್ಮಿಂಗ್‌ಹ್ಯಾಮಿನ ಹತ್ತಿರ ಹ್ಯಾಂಡ್ಸ್‌ವರ್ತಿನಲ್ಲಿದ್ದ ತಮ್ಮ ಹೀತ್‌ಫೀಲ್ಡ್ ಮನೆಯ ಅಟ್ಟವನ್ನು ವರ್ಕ್‌ಶಾಪು ಮಾಡಿಕೊಂಡರು. ತಗ್ಗು ಮಾಡಿನ ಕೋಣೆ, ಬೇಸಿಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ಕೊರೆತ. ಅಲ್ಲೊಂದು ಕಬ್ಬಿಣದ ಒಲೆ ಇಟ್ಟುಕೊಂಡು, ಎಷ್ಟೋ ದಿನ ಅದರ ಮೇಲೇ ತಮ್ಮ ಊಟ ಬೇಯಿಸಿಕೊಂಡು, ಶಿಲ್ಪಗಳ ನಕಲು ಕೊರೆಯುವ ಯಂತ್ರವೊಂದನ್ನು ತಿದ್ದುತ್ತಾ ಕೂರುತ್ತಿದ್ದರು. ಕೆಳಗಿನ ಮನೆಯವರಿಗೆ ತೊಂದರೆ ಕೊಡಬಾರದೆಂದೋ, ಕೆಳಗಿನವರು ತಮಗೆ ತೊಂದರೆ ಕೊಡಬಾರದೆಂದೋ ಗೊತ್ತಿಲ್ಲ. ಎರಡನೆಯದೇ ಇರಬೇಕೆಂದು ನಮ್ಮಪ್ಪನನ್ನು ನೋಡಿದ ನನಗೆ ಅನುಮಾನ. 1819ರಲ್ಲಿ ಅವರು ತೀರಿಕೊಂಡಾಗ ಮನೆಯವರು ಆ ಕೋಣೆಗೆ ಬೀಗ ಹಾಕಿದರು. ನೂರು ವರ್ಷ ಅದು ಹೆಚ್ಚುಕಡಿಮೆ ಹಾಗೇ ಉಳಿಯಿತು. 1924ರಲ್ಲಿ ಕೋಣೆಯ ಒಂದೊಂದು ಸಾಮಾನನ್ನೂ, ಬಾಗಿಲು ಕಿಟಕಿ ನೆಲದ ಹಲಗೆ ಸಮೇತ, ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು. ಎಂಟು ಸಾವಿರಕ್ಕೂ ಹೆಚ್ಚು ವಸ್ತುಗಳು. ಇಂಗ್ಲೆಂಡಿನ ಒಣ ಅಟ್ಟದಲ್ಲಿ ನೂರು ವರ್ಷ ಬೀಗ ಹಾಕಿಟ್ಟ ಉಳಿ, ಅರ, ಬೈರಿಗೆಗಳನ್ನು ಹಾಗೆ ಎತ್ತಿಕೊಂಡು ಹೋಗಬಹುದು. ನಮ್ಮ ಶೆಡ್ಡಿಗೆ ಒಂದು ಮಳೆಗಾಲ ಬೀಗ ಹಾಕಿದರೆ ಎತ್ತಿಕೊಳ್ಳಲು ಉಳಿಯುವುದು ಕೆಂಪು ಪುಡಿ.

ಹೆನ್ರಿ ಫೋರ್ಡ್ ಡೆಟ್ರಾಯಿಟಿನ ಬ್ಯಾಗ್ಲಿ ಅವೆನ್ಯೂದಲ್ಲಿ ಬಾಡಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ತಮ್ಮ ಮೊದಲ ವಾಹನ ಕಟ್ಟಿದ ಕಥೆ ಎಲ್ಲರಿಗೂ ಗೊತ್ತು. 1896ರ ಜೂನ್ 4ರ ಬೆಳಗಿನ ಜಾವ ಅದನ್ನು ಹೊರತೆಗೆಯಲು ಹೋದಾಗ ಬಾಗಿಲು ಚಿಕ್ಕದಾಗಿ, ಕೊಡಲಿಯಿಂದ ಇಟ್ಟಿಗೆ ಗೋಡೆಯನ್ನೇ ಒಡೆಯಬೇಕಾಯಿತು. ಮನೆಯಲ್ಲಿ ವರ್ಕ್‌ಶಾಪು ಕಟ್ಟುವವರಿಗೆಲ್ಲ ಅಪ್ಪ ಈ ಕಥೆ ಹೇಳುತ್ತಿದ್ದರು. ಮೊದಲು ಬಾಗಿಲು ಅಳೆಯಿರಿ, ಆಮೇಲೆ ಮಿಕ್ಕಿದ್ದು.

ಅದೇ ಕಾಲದಲ್ಲಿ ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ ಎಂಬ ಊರಿನ ಬಂದೂಕು ಕಾರ್ಖಾನೆಯಲ್ಲಿ ಸಿ. ಇ. ಯೋಹಾನ್ಸನ್ ಎಂಬ ಕುಶಲಕರ್ಮಿ ಇದ್ದರು. ಅವರ ಹೆಸರು ಫೋರ್ಡಿನಷ್ಟು ಕೇಳಿಬರುವುದಿಲ್ಲ, ಆದರೆ ನಮ್ಮಪ್ಪನ ಮಟ್ಟಿಗೆ ಅವರು ಫೋರ್ಡಿಗಿಂತ ದೊಡ್ಡವರು. ಕಾರ್ಖಾನೆಯಲ್ಲಿ ಒಂದೊಂದು ಅಳತೆಗೂ ಒಂದೊಂದು ಗೇಜು ಮಾಡಿಡುವುದನ್ನು ನೋಡಿ ಅವರಿಗೆ ಬೇಸರವಾಗಿತ್ತು. ಕೆಲವೇ ಉಕ್ಕಿನ ತುಂಡುಗಳನ್ನು ಅತಿ ನಿಖರವಾಗಿ ಮಾಡಿ, ಒಂದಕ್ಕೊಂದು ಜೋಡಿಸಿ ಬೇಕಾದ ಅಳತೆ ಪಡೆದರೆ ಹೇಗೆ ಎಂದು ಯೋಚಿಸಿದರು. 102 ತುಂಡುಗಳ ಪೆಟ್ಟಿಗೆಯಿಂದ 20,000 ಅಳತೆಗಳು ಹುಟ್ಟುತ್ತವೆ. ಕಾರ್ಖಾನೆಯಲ್ಲಿ ಒರಟಾಗಿ ಮಾಡಿದ ತುಂಡುಗಳನ್ನು ಅವರು ಮನೆಗೆ ತಂದು ನಯ ಮಾಡುತ್ತಿದ್ದರು. ಆ ಉಜ್ಜುವ ಯಂತ್ರ ಯಾವುದೆಂದುಕೊಂಡಿರಿ? ಹೆಂಡತಿಯ ಹೊಲಿಗೆ ಮೆಷಿನ್ನನ್ನೇ ಮಾರ್ಪಡಿಸಿಕೊಂಡಿದ್ದರು. ಆ ಮನೆಯಲ್ಲಿ ಅಂಗಿ ಹರಿದರೆ ಏನು ಮಾಡುತ್ತಿದ್ದರೋ.

ಆ ಮಟ್ಟದ ನಿಖರತೆಗೆ ಇಳಿದಾಗ ಬಿಸಿಯ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ, ಹೆಚ್ಚುಕಡಿಮೆ 11.5 ಮೈಕ್ರಾನ್ ಹಿಗ್ಗುತ್ತದೆ. 100 ಮಿಲಿಮೀಟರಿನ ತುಂಡೊಂದು 20 ಡಿಗ್ರಿಯಿಂದ 30 ಡಿಗ್ರಿಗೆ ಬಂದರೆ ಮಿಲಿಮೀಟರಿನ ನೂರರ ಒಂದು ಪಾಲಿಗಿಂತ ತುಸು ಹೆಚ್ಚೇ ಉದ್ದವಾಗುತ್ತದೆ. ಮೇಜು ಮಾಡುವವನಿಗೆ ಇದು ಏನೂ ಅಲ್ಲ, ಬೇರಿಂಗು ಕೂರಿಸುವವನಿಗೆ ಎಲ್ಲವೂ ಇದೇ. ಹಾಗಿದ್ದರೆ ಈ ತುಂಡು 100 ಮಿಲಿಮೀಟರು ಎಂದು ಕೆತ್ತಿ ಬರೆದಾಗ ಯಾವ ಹವೆಯಲ್ಲಿ ಎಂದೂ ಹೇಳಬೇಕಲ್ಲ? ಫ್ರಾನ್ಸು ಸೊನ್ನೆ ಡಿಗ್ರಿ ಎನ್ನುತ್ತಿತ್ತು, ಬ್ರಿಟನ್ನು 62 ಡಿಗ್ರಿ ಫ್ಯಾರನ್‌ಹೀಟ್ ಎನ್ನುತ್ತಿತ್ತು. ಯೋಹಾನ್ಸನ್ ತಮ್ಮ ತುಂಡುಗಳನ್ನು 20 ಡಿಗ್ರಿ ಸೆಲ್ಸಿಯಸ್ಸಿಗೆ ಸರಿಹೊಂದಿಸಿದ್ದರು. ಅವರ ತುಂಡುಗಳು ಲೋಕದ ಕಾರ್ಖಾನೆಗಳಿಗೆಲ್ಲ ಹೋದವು. 1923ರಲ್ಲಿ ಅವರು ಫೋರ್ಡ್ ಕಂಪನಿಯನ್ನೇ ಸೇರಿದರು. 1931ರಲ್ಲಿ ಅಂತಾರಾಷ್ಟ್ರೀಯ ತೂಕ ಅಳತೆ ಸಮಿತಿ ಇದೇ 20 ಡಿಗ್ರಿಯನ್ನು ಒಪ್ಪಿಕೊಂಡಿತು. ಇವತ್ತಿಗೂ ಯಾವ ಎಂಜಿನಿಯರಿಂಗ್ ಚಿತ್ರದ ಮೇಲೆ ಯಾವ ಅಳತೆ ಬರೆದಿದ್ದರೂ ಅದು 20 ಡಿಗ್ರಿಯಲ್ಲಿನ ಅಳತೆ. ಚಳಿದೇಶದ ಒಂದು ಬೆಚ್ಚಗಿನ ಕೋಣೆಯ ಹವೆ ಲೋಕದ ಉಕ್ಕಿಗೆಲ್ಲ ಕಾನೂನಾಯಿತು. ಕೊಚ್ಚಿಯಲ್ಲಿ ಆ ಹವೆ ವರ್ಷದ ಯಾವ ದಿನವೂ ತಾನಾಗಿ ಬರುವುದಿಲ್ಲ. ಬೆಂಗಳೂರಿನಲ್ಲಿ ಡಿಸೆಂಬರಿನ ಬೆಳಿಗ್ಗೆಗಳಲ್ಲಿ ಒಂದಷ್ಟು ಹೊತ್ತು ಬಂದು ಹೋಗುತ್ತದೆ.

ಬೆಂಗಳೂರು ಎಂದೆ. ಅಪ್ಪ 1959ರಲ್ಲಿ, ಇಪ್ಪತ್ತು ವರ್ಷದವರಿದ್ದಾಗ, ಜಾಲಹಳ್ಳಿಯ ಎಚ್‌ಎಂಟಿ ಸೇರಿದರು. ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನೊಂದಿಗೆ ಶುರುವಾದದ್ದು. ಎಚ್‌ಎಂಟಿ ಎಂದರೆ ನಮ್ಮಲ್ಲಿ ಗಡಿಯಾರ ನೆನಪಾಗುತ್ತದೆ. ಆದರೆ ಗಡಿಯಾರ ಬಂದದ್ದು ಅರವತ್ತರ ದಶಕದಲ್ಲಿ, ಜಪಾನಿನ ಸಿಟಿಜನ್ ಜೊತೆ. ಮೊದಲು ಅಲ್ಲಿ ಹುಟ್ಟಿದ್ದು ಲೇತು. ಮೈಸೂರು ಸೀಮೆಗೆ ಲೇತು ಹೊಸತೇನಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲೇ ಶುರುವಾಗಿತ್ತು. ಆ ಮನೆತನದ ಲಕ್ಷ್ಮಣರಾಯರು 1888ರಲ್ಲಿ ಬೆಳಗಾವಿಯಲ್ಲಿ ತೆರೆದ ಸೈಕಲ್ ಅಂಗಡಿಯಿಂದ ಆ ಕಥೆ ಆರಂಭವಾಗುತ್ತದೆ. ಅದನ್ನು ಇನ್ನೊಮ್ಮೆ ಬರೆಯಬೇಕು.

ಜಾಲಹಳ್ಳಿಯಲ್ಲಿ ಅಪ್ಪ ಕಲಿತದ್ದು ಸ್ಕ್ರೇಪಿಂಗ್. ಲೇತಿನ ಬೆಡ್ಡು ಯಂತ್ರದಲ್ಲಿ ಎಷ್ಟೇ ಸಮವಾಗಿ ಹೆರೆದರೂ ಕೊನೆಯ ಕೆಲಸ ಕೈಯಿಂದಲೇ ಆಗಬೇಕಿತ್ತು. ಸಮತಟ್ಟಾದ ಮಾದರಿ ಫಲಕಕ್ಕೆ ನೀಲಿ ಬಳಿದು ಬೆಡ್ಡಿನ ಮೇಲೆ ಉಜ್ಜಿದರೆ ಎತ್ತರದ ಜಾಗಗಳಿಗೆ ಮಾತ್ರ ನೀಲಿ ಹತ್ತುತ್ತದೆ. ಆ ನೀಲಿ ಚುಕ್ಕೆಗಳನ್ನು ಚಪ್ಪಟೆ ಉಳಿಯಿಂದ ಕೆರೆಯುವುದು, ಮತ್ತೆ ಉಜ್ಜುವುದು, ಮತ್ತೆ ಕೆರೆಯುವುದು. ಒಂದು ಸಲಕ್ಕೆ ಹೋಗುವುದು ಕೆಲವೇ ಮೈಕ್ರಾನು. ಕೊನೆಗೆ ಒಂದೊಂದು ಚದರ ಇಂಚಿನಲ್ಲೂ ಚುಕ್ಕೆಗಳು ಒತ್ತೊತ್ತಾಗಿ ಸಮನಾಗಿ ನಿಲ್ಲಬೇಕು. ಮಾದರಿ ಫಲಕವೇ ಸಮವಾಗಿದೆ ಎಂದು ಹೇಗೆ ಗೊತ್ತು ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರು 1840ರಲ್ಲಿ ವಿವರಿಸಿದ ಉಪಾಯವದು. ಎರಡು ಫಲಕಗಳನ್ನು ಒಂದಕ್ಕೊಂದು ಹೊಂದಿಸಿದರೆ ಒಂದು ಉಬ್ಬಿ ಇನ್ನೊಂದು ತಗ್ಗಾಗಿಯೂ ಹೊಂದಬಹುದು. ಮೂರನ್ನು ಸರದಿಯ ಮೇಲೆ ಒಂದಕ್ಕೊಂದು ಹೊಂದಿಸಿದರೆ ಆ ಮೋಸ ನಡೆಯುವುದಿಲ್ಲ, ಮೂರೂ ಸಮತಟ್ಟಾಗಲೇಬೇಕು. ಅಪ್ಪ ಇದನ್ನು ಊಟದ ಎಲೆಯ ಮೇಲೆ ಮೂರು ಹಪ್ಪಳ ಇಟ್ಟು ತೋರಿಸಿದ್ದರು, ಹಪ್ಪಳ ಮುರಿಯಿತು.

ಮೊದಲ ಕಾರ್ಖಾನೆಯ ಸ್ವಂತ ಗಳಿಕೆಯಿಂದ 1961ರಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲೇ ಎರಡನೆಯದನ್ನು ಕಟ್ಟಿತು. ಆಮೇಲೆ ಪಿಂಜೋರ್. ನಾಲ್ಕನೆಯದು ಅರವತ್ತರ ದಶಕದ ಮಧ್ಯದಲ್ಲಿ ಕೇರಳದ ಕಳಮಶ್ಶೇರಿಗೆ ಬಂತು. ಎಡಪ್ಪಳ್ಳಿಯಿಂದ ಆಲುವಾ ಕಡೆ ಹೊರಟರೆ ಮುಂದಿನ ಊರೇ ಅದು. ಈಗಲೂ ಅಲ್ಲಿನ ಒಂದು ವೃತ್ತಕ್ಕೆ ಎಚ್‌ಎಂಟಿ ಜಂಕ್ಷನ್ ಎಂದೇ ಹೆಸರು. ಪಕ್ಕದ ಏಲೂರಿನಲ್ಲಿ ಫ್ಯಾಕ್ಟ್ ರಸಗೊಬ್ಬರ ಕಾರ್ಖಾನೆ 1947ರಿಂದ ನಡೆಯುತ್ತಿತ್ತು. ಶುರುವಿನಲ್ಲಿ ಅದು ಸೌದೆಯನ್ನು ಅನಿಲ ಮಾಡಿ ಅಮೋನಿಯಾ ತೆಗೆಯುತ್ತಿತ್ತು ಎಂದರೆ ಇಂದು ನಂಬುವುದು ಕಷ್ಟ. 1965ರಲ್ಲಿ ಅಪ್ಪ ಜಾಲಹಳ್ಳಿಯಿಂದ ಕಳಮಶ್ಶೇರಿಗೆ ವರ್ಗವಾಗಿ ಬಂದರು. ಮೊದಲ ಮಳೆಗಾಲದಲ್ಲೇ ಅವರಿಗೆ ಆಘಾತವಾಯಿತಂತೆ. ಜಾಲಹಳ್ಳಿಯಲ್ಲಿ ಸಂಜೆ ಒರೆಸಿಟ್ಟ ಉಳಿ ಬೆಳಿಗ್ಗೆ ಹಾಗೇ ಹೊಳೆಯುತ್ತಿತ್ತು. ಇಲ್ಲಿ ತಾವು ಬೆರಳಿಟ್ಟ ಜಾಗದಲ್ಲಿ ಬೆಳಗಾಗುವಷ್ಟರಲ್ಲಿ ಬೆರಳಿನ ಗುರುತು ಕಂದು ಬಣ್ಣದಲ್ಲಿ ಮೂಡಿರುತ್ತಿತ್ತು. "ನನ್ನ ಹೆಬ್ಬೆಟ್ಟು ನಾನೇ ಒತ್ತಿದ ಹಾಗೆ," ಅನ್ನುತ್ತಿದ್ದರು.

1997ರಲ್ಲಿ ನಿವೃತ್ತಿ. ಊರಿಗೆ, ಅಂದರೆ ತುಮಕೂರಿನ ಕಡೆಗೆ, ಹಿಂದಿರುಗುವ ಮಾತು ಒಂದಷ್ಟು ನಡೆದು ನಿಂತುಹೋಯಿತು. ಎಡಪ್ಪಳ್ಳಿಯ ಮನೆಯ ಕಾರ್ ಶೆಡ್ಡನ್ನು ಅಪ್ಪ ಮುಂದಿನ ವರ್ಷ ವರ್ಕ್‌ಶಾಪು ಮಾಡಲು ಹೊರಟರು.

ಅವರು ಕಟ್ಟಿದ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೊದಲು ನೆಲ. ಹಳೆಯ ಸಿಮೆಂಟು ನೆಲ ಒಣಗಿದ್ದಂತೆ ಕಂಡರೂ ಅದರ ಮೇಲೆ ರಾತ್ರಿ ಒಂದು ಪ್ಲಾಸ್ಟಿಕ್ ಹಾಳೆ ಹರಡಿ ಅಂಚಿಗೆ ಟೇಪು ಅಂಟಿಸಿಟ್ಟರೆ ಬೆಳಿಗ್ಗೆ ಹಾಳೆಯ ಅಡಿಯಲ್ಲಿ ಹನಿ ಕೂತಿರುತ್ತಿತ್ತು. ಮಣ್ಣಿನ ನೀರನ್ನು ಕಾಂಕ್ರೀಟು ಬತ್ತಿಯ ಹಾಗೆ ಹೀರಿ ಮೇಲೆ ತರುತ್ತದೆ. ನೆಲ ಅಗೆಸಿ, ಜಲ್ಲಿ ಹಾಸಿ, ದಪ್ಪ ಪಾಲಿಥೀನ್ ಹಾಳೆ ಹೊದಿಸಿ, ಅದರ ಮೇಲೆ ಹೊಸ ಕಾಂಕ್ರೀಟು ಹಾಕಿಸಿದರು. ಅಂಗಳಕ್ಕಿಂತ ಒಂದು ಅಡಿ ಎತ್ತರ. ಎರಡು ಅಡಿ ಎತ್ತರಿಸಿ ಎಂದು ಮೇಸ್ತ್ರಿ ಹೇಳಿದ್ದನ್ನು ಅಪ್ಪ ಕೇಳಲಿಲ್ಲ. ಅದರ ಫಲ ಇಪ್ಪತ್ತು ವರ್ಷದ ನಂತರ ಗೊತ್ತಾಯಿತು.

ಗೋಡೆ ಕೆಂಪುಕಲ್ಲಿನದು, ಅದು ಹಾಗೇ ಇತ್ತು, ಒಳಗೆ ಗಾರೆ ಮಾಡಿಸಿದರು. ಮಾಡಿಗೆ ಇದ್ದ ತಗಡನ್ನು ಮಾತ್ರ ಕಿತ್ತು ಹಾಕಿಸಿದರು. ತಗಡಿನ ಮಾಡು ಮೋಡವಿಲ್ಲದ ರಾತ್ರಿ ಆಕಾಶಕ್ಕೆ ತನ್ನ ಬಿಸಿಯನ್ನೆಲ್ಲ ಕೊಟ್ಟು ತಣ್ಣಗಾಗುತ್ತದೆ, ಒಳಗಿನ ತೇವದ ಗಾಳಿ ಅದಕ್ಕೆ ತಾಗಿ ಹನಿಯಾಗಿ ನೇರ ಲೇತಿನ ಮೇಲೆ ತೊಟ್ಟಿಕ್ಕುತ್ತದೆ. ಅದರ ಬದಲು ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಮನೆಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿದವು. ಹೆಂಚು ಒಂದಿಷ್ಟು ತೇವ ಹೀರಿ ಹಗಲು ಬಿಡುತ್ತದೆ, ಹನಿಯುವುದಿಲ್ಲ. ಈಗ ನಮ್ಮ ಮನೆಯ ಮುಂದೆ ಶುರುವಾಗುವ ಹೆದ್ದಾರಿಯಲ್ಲೇ, ಹಳೆಯ 17ನೇ ನಂಬರಿನ ಎಡಪ್ಪಳ್ಳಿ–ಪನ್ವೇಲ್ ರಸ್ತೆಯಲ್ಲೇ, ಬಡಗು ದಿಕ್ಕಿಗೆ ಹೋಗುತ್ತಾ ಇದ್ದರೆ ಮಂಗಳೂರು ಸಿಗುತ್ತದೆ ಎನ್ನುವುದು ಅಪ್ಪನಿಗೆ ಒಂದು ಸಮಾಧಾನದ ವಿಷಯವಾಗಿತ್ತು.

ಲೇತು ಪಂಜಾಬಿನ ಬಟಾಲಾದ್ದು. ಎಚ್‌ಎಂಟಿಯ ಲೇತು ಮನೆಗೆ ತರುವಷ್ಟು ಚಿಕ್ಕದೂ ಅಲ್ಲ, ನಿವೃತ್ತರ ಕೈಗೆಟಕುವಷ್ಟು ಅಗ್ಗವೂ ಅಲ್ಲ. ಸುಮಾರು 400 ಕಿಲೋ ತೂಕದ ಅದನ್ನು ಚುಮಟ್ಟು ಕೆಲಸಗಾರರು ನಾಲ್ಕು ಕಬ್ಬಿಣದ ಪೈಪುಗಳ ಮೇಲೆ ಉರುಳಿಸುತ್ತಾ, ಹಿಂದಿನ ಪೈಪು ತೆಗೆದು ಮುಂದೆ ಇಡುತ್ತಾ, ಅರ್ಧ ಗಂಟೆಯಲ್ಲಿ ಒಳಗೆ ತಂದರು. ಬಾಗಿಲು ಅಳೆದಿದ್ದರು, ನಾಲ್ಕು ಬೆರಳು ಉಳಿಯಿತು. ಮುಂದಿನ ಆರು ತಿಂಗಳು ಅಪ್ಪ ಆ ಹೊಸ ಲೇತಿನ ಬೆಡ್ಡನ್ನು ಜಾಲಹಳ್ಳಿಯ ಲೆಕ್ಕದಲ್ಲಿ ಮತ್ತೆ ಕೆರೆದರು. ಒಂದು ಕುದುರೆಶಕ್ತಿಯ ಸಿಂಗಲ್ ಫೇಸ್ ಮೋಟರು, ಒಂದು ಡ್ರಿಲ್ಲಿಂಗ್ ಮೆಷಿನ್ನು, ಗ್ರೈಂಡರು, ಆರು ಇಂಚಿನ ವೈಸು, ಮಾವಿನ ಹಲಗೆಯ ಬೆಂಚು. ಅಕ್ಕಪಕ್ಕದವರ ಪಂಪಿನ ಬುಷ್ಷು, ಮಿಕ್ಸಿಯ ಸ್ಪಿಂಡಲ್ಲು, ಇಗರ್ಜಿಯ ಗೇಟಿನ ತಿರುಗಣಿ, ಎಲ್ಲ ಅಲ್ಲಿಗೆ ಬರುತ್ತಿದ್ದವು. ಕಾಸು ತೆಗೆದುಕೊಳ್ಳುತ್ತಿರಲಿಲ್ಲ, ಬದಲಿಗೆ ಹಲಸಿನಹಣ್ಣು ಬರುತ್ತಿತ್ತು.

ಇನ್ನು ತುಕ್ಕು. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಮಳೆ ತಾಗಬೇಕಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ತೇವ ಹೆಚ್ಚಿದಂತೆ ತುಕ್ಕೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತಾ ಹೋಗುತ್ತದೆ ಎಂದುಕೊಂಡಿದ್ದರೆ ತಪ್ಪು. ಇಂಗ್ಲೆಂಡಿನಲ್ಲಿ ಡಬ್ಲ್ಯು. ಎಚ್. ಜೆ. ವರ್ನನ್ ಎಂಬ ವಿಜ್ಞಾನಿ 1930ರ ಆಸುಪಾಸಿನಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 60ರ ಕೆಳಗಿದ್ದರೆ ಕಬ್ಬಿಣ ಬಹುಮಟ್ಟಿಗೆ ಸುಮ್ಮನಿರುತ್ತದೆ. 60–70 ದಾಟಿತೋ, ತುಕ್ಕು ಒಮ್ಮೆಲೇ ಜಿಗಿಯುತ್ತದೆ. ಅದೊಂದು ಹೊಸ್ತಿಲು. ಗಾಳಿಯಲ್ಲಿ ಉಪ್ಪಿದ್ದರೆ ಹೊಸ್ತಿಲು ಇನ್ನೂ ತಗ್ಗುತ್ತದೆ. ಎಡವಪ್ಪಾದಿ, ಅಂದರೆ ಜೂನಿನ ಮಳೆ ಹಿಡಿದರೆ, ಸಮುದ್ರದ ಬದಿಯ ನಮ್ಮ ಊರಿನಲ್ಲಿ ತೇವಾಂಶ ಶೇಕಡಾ 90ರ ಹತ್ತಿರ ನಿಂತುಬಿಡುತ್ತದೆ.

ಸಾಪೇಕ್ಷ ಎಂಬ ಪದದಲ್ಲೇ ಬಲ್ಬಿನ ಗುಟ್ಟು ಇರುವುದು. ಗಾಳಿ ಬಿಸಿಯಾದಷ್ಟೂ ಹೆಚ್ಚು ಆವಿ ಹಿಡಿದಿಟ್ಟುಕೊಳ್ಳಬಲ್ಲದು. 28 ಡಿಗ್ರಿಯಲ್ಲಿ ಶೇಕಡಾ 90 ತೇವವಿರುವ ಗಾಳಿಯನ್ನು, ಒಂದು ಹನಿ ನೀರನ್ನೂ ತೆಗೆಯದೆ, ಬರೀ 34 ಡಿಗ್ರಿಗೆ ಕಾಯಿಸಿದರೆ ತೇವಾಂಶ ಸುಮಾರು 64ಕ್ಕೆ ಇಳಿಯುತ್ತದೆ. 35ಕ್ಕೆ ಕಾಯಿಸಿದರೆ 60ರ ಅಂಚಿಗೆ. ಇಡೀ ಶೆಡ್ಡನ್ನು ಕಾಯಿಸಬೇಕಿಲ್ಲ. ಲೇತಿಗೆ ದಪ್ಪ ಹತ್ತಿಯ ಹೊದಿಕೆ ಹೊದಿಸಿ, ಬೆಡ್ಡಿನ ಕೆಳಗಿನ ಟ್ರೇಯಲ್ಲಿ ತಂತಿ ಬಲೆಯೊಳಗೆ, ಬಟ್ಟೆಗೆ ತಾಗದ ಹಾಗೆ, 60 ವ್ಯಾಟಿನ ಒಂದು ಬಲ್ಬು ಉರಿಸಿದರೆ ಸಾಕು. ಇನ್ನೊಂದು ಲಾಭವೂ ಇದೆ. 400 ಕಿಲೋ ಎರಕ ರಾತ್ರಿ ನಿಧಾನಕ್ಕೆ ತಣ್ಣಗಾಗಿ ಬೆಳಿಗ್ಗೆಯೂ ತಣ್ಣಗೇ ಇರುತ್ತದೆ. ಬಾಗಿಲು ತೆಗೆದೊಡನೆ ಹೊರಗಿನ ಬಿಸಿ ತೇವದ ಗಾಳಿ ಅದರ ಮೇಲೆ ಕೂತು ಬೆವರಾಗುತ್ತದೆ. ಬಲ್ಬಿನ ಮೇಲೆ ಮಲಗಿದ ಲೇತು ಬೆವರುವುದಿಲ್ಲ.

ಅಮ್ಮನಿಗೆ ಇದು ಒಪ್ಪಿಗೆಯಿರಲಿಲ್ಲ. ದಿನಕ್ಕೆ ಒಂದೂವರೆ ಯೂನಿಟ್ಟಿಗೆ ತುಸು ಕಡಿಮೆ, ಇಲ್ಲಿ ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ 86 ಯೂನಿಟ್. "ಮಕ್ಳಿಗೂ ಹಿಂಗೆ ಹೊದಿಸಿ ಮಲಗಿಸ್ಲಿಲ್ಲ ನೀವು," ಅನ್ನುತ್ತಿದ್ದರು. ಸೀಮೆಎಣ್ಣೆ ಸ್ಟೋವು ಇಡಬಾರದೇ ಎಂದೂ ಕೇಳಿದ್ದರು. ಇಲ್ಲಿಯೇ ಅನೇಕರು ಎಡವುವುದು. ಇಂಗ್ಲೆಂಡಿನಲ್ಲಿ 1898ರಿಂದ ಬರುತ್ತಿದ್ದ 'ಮಾಡೆಲ್ ಎಂಜಿನಿಯರ್' ಪತ್ರಿಕೆಯ ಓದುಗರು, ಮನೆಯ ಹಿಂದಿನ ಮರದ ಶೆಡ್ಡುಗಳಲ್ಲಿ ಪುಟ್ಟ ಉಗಿಬಂಡಿ ಕಟ್ಟುತ್ತಿದ್ದ ಗುಮಾಸ್ತರು ಮಾಸ್ತರರು, ಚಳಿಗೆ ಸೀಮೆಎಣ್ಣೆ ಹೀಟರು ಇಟ್ಟುಕೊಂಡು ತಮ್ಮ ಲೇತುಗಳನ್ನು ಹಾಳುಮಾಡಿಕೊಂಡರು. ಒಂದು ಲೀಟರು ಸೀಮೆಎಣ್ಣೆ ಉರಿದರೆ ಹುಟ್ಟುವ ನೀರಾವಿಯೂ ಹೆಚ್ಚುಕಡಿಮೆ ಒಂದು ಲೀಟರು ನೀರಿನಷ್ಟೇ. ಕೈ ಬೆಚ್ಚಗಾಗುತ್ತದೆ, ಹೀಟರು ಆರಿದ ಮೇಲೆ ಆ ನೀರೆಲ್ಲ ಕಬ್ಬಿಣದ ಮೇಲೆ ಕೂರುತ್ತದೆ. ಹೊಗೆಗೊಳವೆ ಇಲ್ಲದ ಬೆಂಕಿ ವರ್ಕ್‌ಶಾಪಿಗೆ ಶತ್ರು.

ಉಳಿದ ಉಪಾಯಗಳೂ ಇದ್ದವು. ಮೈಕ್ರೋಮೀಟರಿನ ಪೆಟ್ಟಿಗೆಯಲ್ಲಿ ಅಪ್ಪ ಕರ್ಪೂರದ ಬಿಲ್ಲೆ ಇಡುತ್ತಿದ್ದರು. ಹಳೆಯ ಕೆಲಸಗಾರರ ಪದ್ಧತಿ ಅದು, ಎಷ್ಟು ಕೆಲಸ ಮಾಡುತ್ತಿತ್ತೋ, ಪೆಟ್ಟಿಗೆ ತೆಗೆದರೆ ಮಂಗಳಾರತಿಯ ವಾಸನೆಯಂತೂ ಬರುತ್ತಿತ್ತು. ತೆಂಗಿನೆಣ್ಣೆ ಸವರುವುದನ್ನು ಮಾತ್ರ ಖಂಡಿತ ಒಪ್ಪುತ್ತಿರಲಿಲ್ಲ. ಅದು ಕೊಳೆತು ಹುಳಿಯಾಗಿ ತಾನೇ ಲೋಹವನ್ನು ತಿನ್ನುತ್ತದೆ. ಕೊಡಚಾದ್ರಿಯ ಆದಿ ಮೂಕಾಂಬಿಕೆಯ ಗುಡಿಯ ಹತ್ತಿರ ನಿಂತಿರುವ ಕಬ್ಬಿಣದ ಕಂಬದ ಬಗ್ಗೆ ಯಾರಾದರೂ ಹೇಳಿದರೆ ಅಪ್ಪನಿಗೆ ಸಣ್ಣ ಹೊಟ್ಟೆಕಿಚ್ಚು. ಘಟ್ಟದ ನೆತ್ತಿಯ ಮಳೆಯಲ್ಲಿ ಬಯಲಲ್ಲೇ ನಿಂತು ಉಳಿದುಕೊಂಡಿರುವ ಕಂಬ ಅದು. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರ ಮತ್ತು ಸುರತ್ಕಲ್ಲಿನ ಎನ್‌ಐಟಿಕೆಯವರು ಅದನ್ನು ಪರೀಕ್ಷಿಸಿದ್ದಾರೆ. ಕುಲುಮೆಯಲ್ಲಿ ಬಡಿದು ಮಾಡಿದ ಹಳೆಯ ಕಬ್ಬಿಣದ ಜಾತಿಯೇ ಬೇರೆ. ನಮ್ಮ ಎರಕಕ್ಕೆ ಆ ಭಾಗ್ಯವಿಲ್ಲ.

2018ರ ಆಗಸ್ಟಿನಲ್ಲಿ ಪೆರಿಯಾರ್ ಉಕ್ಕಿತು. 15ರಂದು ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣವನ್ನು ಮುಚ್ಚಿದರು, ಮತ್ತೆ ತೆರೆದದ್ದು 29ಕ್ಕೆ. ಆಲುವಾ, ಏಲೂರು, ಕಳಮಶ್ಶೇರಿಯ ತಗ್ಗುಗಳೆಲ್ಲ ನೀರು. ನಮ್ಮ ಬೀದಿಗೂ ಬಂತು. ಶೆಡ್ಡಿನೊಳಗೆ ಮೊಣಕಾಲಿನವರೆಗೆ ಎರಡು ದಿನ ನಿಂತಿತು. 79 ವರ್ಷದ ಅಪ್ಪನನ್ನು ಮೇಲಿನ ಮಹಡಿಗೆ ಹತ್ತಿಸಿ ಕೂರಿಸಿದ್ದೆವು. ಲೇತಿನ ಬೆಡ್ಡು ಸೊಂಟದ ಎತ್ತರಕ್ಕಿದೆ, ಅಲ್ಲಿಗೆ ನೀರು ಹೋಗಿಲ್ಲ ಎಂದು ನಾನು ಧೈರ್ಯ ಹೇಳಿದೆ. ಅಪ್ಪ ಕೇಳಿದ್ದು ಒಂದೇ, "ಕರೆಂಟ್ ಯಾವತ್ತು ಹೋಯ್ತು?"

ನೀರಿಳಿದ ಮೇಲೆ ಹೊದಿಕೆ ತೆಗೆದೆವು. ಕೆಳಗಿನ ಕಪಾಟಿನಲ್ಲಿ ಮುಳುಗಿದ್ದ ಚಕ್ಕುಗಳು, ಗೇರುಗಳು ಕೆಸರಲ್ಲಿ ಹೂತಿದ್ದವು. ಅವನ್ನು ಮೊದಲು ಒಳ್ಳೆಯ ನೀರಿನಲ್ಲಿ ತೊಳೆದು, ಆಮೇಲೆ ಡೀಸೆಲ್ಲಿನಲ್ಲಿ ಅದ್ದಿ, ಒರೆಸಿ ಎಣ್ಣೆ ಹಾಕಿದಾಗ ಆಶ್ಚರ್ಯವೆನ್ನುವಷ್ಟು ಚೆನ್ನಾಗಿ ಉಳಿದವು. ಕೆಸರು ಗಾಳಿಯನ್ನು ತಡೆದಿತ್ತು. ಹಾಳಾಗಿದ್ದದ್ದು ನೀರು ತಾಗದೆ ಇದ್ದ ಬೆಡ್ಡು. ಆರು ದಿನ ಕರೆಂಟಿಲ್ಲದೆ, ಬಲ್ಬಿಲ್ಲದೆ, ಒದ್ದೆ ಹೊದಿಕೆಯ ಕೆಳಗೆ, ನೆರೆನೀರಿನ ಹಬೆಯಲ್ಲಿ ನಿಂತಿದ್ದ ಅದರ ಉದ್ದಕ್ಕೂ ಕಿತ್ತಳೆ ಬಣ್ಣದ ಬೂಷ್ಟು ಎದ್ದಿತ್ತು. ಒರೆಸಿದಾಗ ಕೆಳಗೆ ಸೂಜಿಮೊನೆಯಂಥ ಗುಳಿಗಳು. ಅಪ್ಪ ಉಗುರಿನಿಂದ ಗೀರಿ ನೋಡಿದರು. ಆರು ತಿಂಗಳ ಸ್ಕ್ರೇಪಿಂಗು ಹೋಗಿತ್ತು. ಮೇಸ್ತ್ರಿ ಹೇಳಿದ ಹಾಗೆ ಎರಡು ಅಡಿ ಎತ್ತರಿಸಬೇಕಿತ್ತು ಅಂದರು, ಅಷ್ಟೇ.

ಆ ಬೆಡ್ಡನ್ನು ಅವರು ಮತ್ತೆ ಕೆರೆಯಲು ಕೂತರು. ತೋಳಿನಲ್ಲಿ ಬಲವಿರಲಿಲ್ಲ. ದಿನಕ್ಕೆ ಅರ್ಧ ಗಂಟೆ, ನೀಲಿ ಬಳಿಯುವುದು ನಾನು, ಕೆರೆಯುವುದು ಅವರು, ಕೆಲವು ದಿನ ತಿರುಗುಮುರುಗು. ಹೆಡ್‌ಸ್ಟಾಕಿನ ಕಡೆಯ ಮುಕ್ಕಾಲು ಅಡಿ ಮುಗಿಯುವ ಹೊತ್ತಿಗೆ ಎರಡು ವರ್ಷವಾಗಿತ್ತು. ಲೇತಿನಲ್ಲಿ ಹೆಚ್ಚು ಕೆಲಸ ನಡೆಯುವುದು ಆ ತುದಿಯಲ್ಲೇ, ಆದ್ದರಿಂದ ಅಲ್ಲಿಂದ ಶುರು ಮಾಡಿದ್ದರು.

ಈ ನಡುವೆ 2020ರ ಫೆಬ್ರವರಿಯ ಬಜೆಟ್ಟಿನಲ್ಲಿ ಕೇರಳ ಸರ್ಕಾರ, ಆ ವರ್ಷದ ನವೆಂಬರಿನಿಂದ ತಂತಿ ಬಲ್ಬು ಮತ್ತು ಸಿಎಫ್ಎಲ್ ಮಾರಾಟ ನಿಲ್ಲಿಸುವುದಾಗಿ ಘೋಷಿಸಿತು. ಸರಿಯಾದ ನಿರ್ಧಾರವೇ. ತಂತಿ ಬಲ್ಬಿನಲ್ಲಿ ವಿದ್ಯುತ್ತಿನ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಬಿಸಿಯಾಗಿ ದಂಡವಾಗುತ್ತದೆ ಎಂಬುದು ಅದರ ಮೇಲಿನ ಆರೋಪ. ನಮ್ಮ ಶೆಡ್ಡಿಗೆ ಬೇಕಿದ್ದದ್ದು ಆ ದಂಡವೇ. 9 ವ್ಯಾಟಿನ ಎಲ್‌ಇಡಿಯನ್ನು ಹೊದಿಕೆಯ ಕೆಳಗೆ ಇಟ್ಟರೆ ಲೇತು ಕತ್ತಲಲ್ಲಿ ಹೊಳೆಯುತ್ತದೆಯೇ ಹೊರತು ಬೆಚ್ಚಗಾಗುವುದಿಲ್ಲ.

ಟೋಲ್ ಜಂಕ್ಷನ್ನಿನ ಅಂಗಡಿಯವರು ಕೊನೆಗೆ ಒಳಗೆ ಹೋಗಿ ಹುಡುಕಿ, ಧೂಳು ಹಿಡಿದ ಎರಡು ಬಲ್ಬು ತಂದುಕೊಟ್ಟರು. ಯಾತಕ್ಕೆ ಎಂದು ಪೂರ್ತಿ ಕೇಳಿದ ಮೇಲೆ, ಹಾಗಿದ್ದರೆ ಪ್ಯಾನೆಲ್ ಬೋರ್ಡಿನೊಳಗೆ ಹಾಕುವ ಸ್ಪೇಸ್ ಹೀಟರ್ ತೆಗೆದುಕೊಳ್ಳಿ ಎಂದರು. ಕಾರ್ಖಾನೆಗಳ ಸ್ವಿಚ್ಚು ಪೆಟ್ಟಿಗೆಗಳಲ್ಲಿ ತೇವ ಹಿಡಿಯದಂತೆ ಇಡುವ, ಅಂಗೈಯಗಲದ 40 ವ್ಯಾಟಿನ ಪಟ್ಟಿ. ಜೊತೆಗೊಂದು ಥರ್ಮೋಸ್ಟಾಟು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಉರಿಯುತ್ತಿದೆಯೋ ಇಲ್ಲವೋ ದೂರದಿಂದ ಹೇಗೆ ಗೊತ್ತಾಗುತ್ತದೆ ಎಂದು ಆಕ್ಷೇಪಿಸಿದರು. ಬಲ್ಬಾದರೆ ರಾತ್ರಿ ಅಡುಗೆಮನೆಯ ಕಿಟಕಿಯಿಂದ ಹೊದಿಕೆಯ ಅಂಚಿನಲ್ಲಿ ಹಳದಿ ಗೆರೆ ಕಾಣುತ್ತಿತ್ತು.

ಅಪ್ಪ ಈಗ ಇಲ್ಲ. ಆಕ್ರಿಯವರು ಬಂದು ಲೇತನ್ನು ಕಿಲೋ ಲೆಕ್ಕದಲ್ಲಿ ಕೇಳಿ ಹೋಗಿದ್ದಾರೆ, ಮಿಷಿಗನ್ನಿನ ತಮ್ಮ ಅದರ ಫೋಟೋ ಕೇಳಿದ್ದಾನೆ. ಹೀಟರು ಪಟ್ಟಿಯನ್ನು ಬೆಡ್ಡಿನ ಕೆಳಗೆ ಬಿಗಿದು, ಅದರ ಜೊತೆಗೆ ಒಂದು ಚಿಕ್ಕ ಕೆಂಪು ಇಂಡಿಕೇಟರ್ ದೀಪವನ್ನೂ ಹಾಕಿಸಿದ್ದೇನೆ. ಅದು ಅಡುಗೆಮನೆಯಿಂದ ಕಾಣುತ್ತದೆ. ಅಮ್ಮ ರಾತ್ರಿ ಮಲಗುವ ಮೊದಲು ಕಿಟಕಿಯ ಹತ್ತಿರ ಹೋಗಿ ನೋಡಿ ಬರುತ್ತಾರೆ. ಟೇಲ್‌ಸ್ಟಾಕಿನ ಕಡೆಯ ಅರ್ಧ ಬೆಡ್ಡು ಇನ್ನೂ ಕೆರೆಯುವುದಿದೆ, ಈ ಮಳೆ ನಿಂತ ಮೇಲೆ ಶುರು ಮಾಡಬೇಕು.